ಬ್ಯಾಲೆನ್ಸ್ ನಾಬ್ ಒಂದೇ ಸಾಲದು
ಒಂದು ಕಿವಿ ಮಂದ ಇದ್ದವರು ಮನೆಯಲ್ಲೇ ಮಾಡಿಕೊಂಡ ಹೆಡ್‌ಫೋನ್ ಆಂಪ್ಲಿಫೈಯರ್‌ಗೆ ಬ್ಯಾಲೆನ್ಸ್ ನಾಬ್ (ಎಡ-ಬಲದ ಸದ್ದು ಹೆಚ್ಚುಕಮ್ಮಿ ಮಾಡುವ ಗುಂಡಿ) ಹಾಕಿದರೆ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಅದು ಸಾಲಲಿಲ್ಲ. ನನ್ನ ಎಡಗಿವಿಗೆ ಮೃದಂಗದ ತಗ್ಗು ದನಿಯ ಗುಮ್ಕಿ ಚೆನ್ನಾಗೇ ಕೇಳುತ್ತದೆ, ಪಿಟೀಲಿನ ಹೊಳಪು ಮಾತ್ರ ಇಲ್ಲ. ನಾಬ್ ತಿರುಗಿಸಿದರೆ ಸುಮ್ನೆ ಗುಮ್ಕಿಯೂ ಜಾಸ್ತಿಯಾಗುತ್ತದೆ, ಅಷ್ಟೇ.

ಮೊದಲು ಆಡಿಯೋಗ್ರಾಮ್ (ಯಾವ ಸ್ವರ ಎಷ್ಟು ಕೇಳುತ್ತದೆ ಅಂತ ತೋರಿಸುವ ಶ್ರವಣ ಪರೀಕ್ಷೆಯ ನಕ್ಷೆ) ಮಾಡಿಸಿ. ಮೈಸೂರಿನವರಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದ್ದೇ ಇದೆ, ಅಲ್ವಾ? ಆ ನಕ್ಷೆಯಲ್ಲಿ ಕೆಂಪು ಸೊನ್ನೆ ಬಲಗಿವಿ, ನೀಲಿ ಇಂಟು ಗುರುತು ಎಡಗಿವಿ. (ಒಂದೇ ಕಿವಿ ದಿಢೀರ್ ಅಂತ ಮಂದವಾದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಓಡಿ.)

ನನ್ನ ಆಪ್‌ಆಂಪ್‌ನ (ಸದ್ದು ಏರಿಸುವ ಚಿಪ್) ಫೀಡ್‌ಬ್ಯಾಕ್‌ನಲ್ಲಿ, ಅಂದರೆ ಎಷ್ಟು ಏರಿಸಬೇಕು ಅಂತ ನಿರ್ಧರಿಸುವ ಭಾಗದಲ್ಲಿ, ಎರಡೂ ರೆಸಿಸ್ಟರ್ 10 ಕಿಲೋಓಮ್. ಎಡ ಚಾನೆಲ್‌ನಲ್ಲಿ ಗ್ರೌಂಡ್‌ಗೆ ಹೋಗುವ ರೆಸಿಸ್ಟರ್‌ಗೆ 4.7 ಕಿಲೋಓಮ್ ರೆಸಿಸ್ಟರ್ ಮತ್ತು 10 ನ್ಯಾನೋಫ್ಯಾರಡ್ ಕೆಪಾಸಿಟರನ್ನು ಸೀರೀಸ್‌ನಲ್ಲಿ ಸೇರಿಸಿ ಪ್ಯಾರಲಲ್ ಆಗಿ ಬೆಸೆದೆ. ಸುಮಾರು 1.6 ಕಿಲೋಹರ್ಟ್ಸ್‌ನಿಂದ ಏರುತ್ತಾ ಹೋಗಿ ಮೇಲಿನ ಸ್ವರಗಳಿಗೆ 6 ಡೆಸಿಬಲ್ ಜಾಸ್ತಿ ಸಿಗುತ್ತದೆ. ಗುಮ್ಕಿ ಇದ್ದಲ್ಲೇ ಇರುತ್ತದೆ.

ಆಡಿಯೋಗ್ರಾಮ್‌ನಲ್ಲಿ 30 ಡೆಸಿಬಲ್ ಕಡಿಮೆ ಇದೆ ಅಂತ ಅಷ್ಟನ್ನೂ ಏರಿಸಬೇಡಿ. ಮಂದ ಕಿವಿಗೂ ಜೋರು ಸದ್ದು ಅನೇಕ ವೇಳೆ ಜೋರಾಗೇ ಕೇಳುತ್ತದೆ. ಅರ್ಧಕ್ಕಿಂತ ಕಮ್ಮಿಯಲ್ಲೇ ಶುರು ಮಾಡಿ. ಆ ಕೆಪಾಸಿಟರ್ ಸಾಲಿಗೊಂದು ಸ್ವಿಚ್ಚೂ ಇರಲಿ, ಮನೆಯವರೂ ಕೇಳಬೇಕಲ್ಲ.