‘ಯಾವಾಗಲೂ ಅಗ್ಗ’ ಅನ್ನೋದು ಒಪ್ಪೋ ಮಾತಲ್ಲ

ಪಾರ್ಸೆಲ್ ಕಳಿಸುವ ದಾರಿಗಳ ಪಟ್ಟಿ ಕೊಟ್ಟ ನಿಮ್ಮ ಲೇಖನದಲ್ಲಿ, ‘ಸಣ್ಣ ವ್ಯಾಪಾರಕ್ಕೆ ಫ್ಲಾಟ್ ರೇಟ್ ಪಾರ್ಸೆಲ್ (ತೂಕ, ದೂರ ಎಷ್ಟೇ ಇರಲಿ, ಡಬ್ಬಿಯ ಅಳತೆಗೆ ಒಂದೇ ದರ) ಯಾವಾಗಲೂ ಅಗ್ಗ’ ಅಂತ ಬರೆದಿದ್ದೀರಿ. ಡಬ್ಬಿಯೊಳಗೆ ಏನಿದೆ ಅಂತ ನೋಡದೆ ಹಾಗೆ ಹೇಳೋದು ಹೇಗೆ? ನಾನು ಉಡುಪಿಯಲ್ಲಿ ಮನೆಯಲ್ಲೇ ಹಲಸಿನ ಚಿಪ್ಸ್, ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಉಪ್ಪಿನಕಾಯಿಗೆ ನಿಮ್ಮ ಮಾತು ಸರಿ. ಸಣ್ಣ ಡಬ್ಬಿ, ಭಾರ ಜಾಸ್ತಿ, ದರ ಒಂದೇ. ಅಮೆರಿಕದ ಅಂಚೆಯ ಫ್ಲಾಟ್ ರೇಟ್ ಡಬ್ಬಿಯಲ್ಲಂತೂ ದೇಶದೊಳಗೆ 70 ಪೌಂಡ್ ತನಕ ತೂಕ ಕೇಳೋದೇ ಇಲ್ಲ.

ಚಿಪ್ಸ್ ಕಥೆ ಬೇರೆ. ಪುಡಿಯಾಗಬಾರದು ಅಂತ ದೊಡ್ಡ ಡಬ್ಬಿ ಬೇಕು, ದೊಡ್ಡ ಡಬ್ಬಿ ಅಂದರೆ ದೊಡ್ಡ ದರ, ಒಳಗೆ ಇರೋದು ಬರೀ 2 ಕಿಲೋ. ಹಾಗಂತ ಮಾಮೂಲಿ ಕೊರಿಯರ್‌ಗೆ ಹೋದರೂ ಸುಖ ಇಲ್ಲ, ಅಲ್ಲಿ ಸಾಮಾನ್ಯವಾಗಿ ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ, ಬಂದದ್ದು ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಅದನ್ನೇ ಕಿಲೋ ಅಂತ ಹಿಡಿದು ದರ ಹಾಕುತ್ತಾರೆ. 40, 30, 25 ಸೆಂಟಿಮೀಟರ್ ಡಬ್ಬಿಗೆ 6 ಕಿಲೋ ಲೆಕ್ಕ! ಮೊದಲ ಸಲ ಇದು ಗೊತ್ತಿಲ್ಲದೆ, ಗ್ರಾಹಕರಿಗೆ 2 ಕಿಲೋ ದರ ಹೇಳಿ ಉಳಿದದ್ದನ್ನು ಕೈಯಿಂದ ಕಟ್ಟಿದೆ. ಅದರ ಮೇಲೆ 18% ಜಿಎಸ್‌ಟಿ ಬೇರೆ.

ಇನ್ನೊಂದು, ದೇಶಕ್ಕೆಲ್ಲ ಒಂದೇ ದರ ಅಂದರೆ ದೆಹಲಿಗೆ ಕಳಿಸುವವರಿಗೆ ಲಾಭ. ನನ್ನ ಅರ್ಧಕ್ಕಿಂತ ಜಾಸ್ತಿ ಆರ್ಡರ್ ಮಂಗಳೂರಿನವು, ಸುಮಾರು 60 ಕಿಲೋಮೀಟರ್ ಅಷ್ಟೇ. ಅದಕ್ಕೆ ಯಾಕೆ ಸುಮ್ನೆ ದೆಹಲಿ ದುಡ್ಡು ಕೊಡಬೇಕು? ಬಸ್ಸಿಗೆ ಹಾಕಿ ಫೋನ್ ಮಾಡಿದರೆ ಸಂಜೆಯೊಳಗೆ ಸ್ಟ್ಯಾಂಡಿಗೆ ಬಂದು ತಗೊಳ್ಳುತ್ತಾರೆ. ನಿಮ್ಮ ಪಟ್ಟಿಯಲ್ಲಿ ಬಸ್ ಪಾರ್ಸೆಲ್ ಹೆಸರೇ ಇಲ್ಲ, ಅಲ್ವಾ?