ನಲವತ್ತರ ಮಿಡ್‌ಫೀಲ್ಡರೂ ಬಳ್ಳಾರಿಯ ಆಯ್ಕೆ ಸಮಿತಿಯೂ

ಮತ್ತೆ ಅದೇ ಸುದ್ದಿ. ಯುರೋಪಿನ ಫುಟ್‌ಬಾಲ್‌ನಲ್ಲಿ ಹೆಸರು ಮಾಡಿದ, ಕಪ್ ಎತ್ತಿದ, ಈಗ ಗಡ್ಡ ನರೆತಿರುವ ಮಿಡ್‌ಫೀಲ್ಡರ್, ಅಂದ್ರೆ ಮೈದಾನದ ನಡುವೆ ಆಡುವ ಆಟಗಾರ, ಒಬ್ಬರನ್ನು ನಮ್ಮ ದೇಶದ ಕ್ಲಬ್ಬೊಂದು ಕರೆತರುತ್ತದಂತೆ. ಹೆಸರು ನಾನು ಬರೆಯಲ್ಲ. ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತೆ, ನಿಮ್ಮ ಷಡ್ಡಕ ಅದನ್ನು ಇನ್ನೊಮ್ಮೆ ಕಳಿಸಿರುತ್ತಾನೆ. ಅವರು ನಿಜವಾಗಿ ಬರ್ತಾರೋ ಇಲ್ವೋ ಅವರ ಏಜೆಂಟಿಗೂ ಖಾತ್ರಿ ಇಲ್ಲ. ಬಳ್ಳಾರಿಗೆ ಮಾತ್ರ ಖಾತ್ರಿ ಇದೆ. ರಾಯಲ್ ಸರ್ಕಲ್‌ನಿಂದ ಕೌಲ್ ಬಜಾರ್‌ವರೆಗೆ, ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ ಸಿಗುವ ಪ್ರತಿ ಜಾಗದಲ್ಲೂ ಒಂದು ಆಯ್ಕೆ ಸಮಿತಿ ಕೂತಿದೆ. ಸಂಬಳ ಇಲ್ಲ, ಭತ್ಯೆ ಇಲ್ಲ, ಆದರೂ ಸಂಜೆ ಆರಕ್ಕೆ ಸರಿಯಾಗಿ ಎಲ್ಲರೂ ಹಾಜರು. ಸರ್ಕಾರಿ ಕಚೇರಿಗಳು ಇವರನ್ನು ನೋಡಿ ಕಲಿಯಬೇಕು.

ಸಮಿತಿಯಲ್ಲಿ ಎರಡು ಬಣ. ತಗೋಬೇಕು ಬಣ, ಬೇಡ ಬಣ. ಮೂರನೇದು ನಮ್ಮ ಊರಲ್ಲಿ ಯಾವ ವಿಷಯಕ್ಕೂ ಇರುವುದಿಲ್ಲ. ಮೊನ್ನೆ ಒಬ್ಬ ಪ್ಲೇಟಿನಲ್ಲಿ ಶೇಂಗಾ ಬೀಜ ಜೋಡಿಸಿ ನಾಲ್ಕು-ಮೂರು-ಮೂರು ಆಟ ತೋರಿಸುತ್ತಿದ್ದ. ನಡುವಿನ ಬೀಜ ನಮ್ಮ ಹಳೇ ಸ್ಟಾರು. "ಇವನು ಓಡೋದೇ ಬೇಡ ಅಣ್ಣಾ, ನಿಂತಲ್ಲೇ ಪಾಸ್ ಕೊಡ್ತಾನ" ಅಂದ. ಎದುರಿಗೆ ಕೂತವನು ಆ ಬೀಜವನ್ನೇ ಎತ್ತಿ ಬಾಯಿಗೆ ಹಾಕಿಕೊಂಡ. "ಬಳ್ಳಾರಿ ಬಿಸಿಲಾಗ ನಿಂತ್ರೂ ಇದೇ ಗತಿ ಲೇ" ಅಂತ ಅಗಿಯುತ್ತಾ ಹೇಳಿದ. ಆಮೇಲೆ ಮೊಣಕಾಲಿನ ಚಿಪ್ಪು, ಸ್ನಾಯು, ಎಂಆರ್‌ಐ ಎಲ್ಲ ಚರ್ಚೆಗೆ ಬಂತು. ಎಂಆರ್‌ಐ ಆಗಲೇಬೇಕು ಅಂತ ಪಟ್ಟು ಹಿಡಿದವನು, ತನ್ನ ಅಪ್ಪನ ಮೊಣಕಾಲು ನೋವಿಗೆ ಹರಳೆಣ್ಣೆ ಹಚ್ಚಿ ಸುಮ್ನೆ ಕೂಡಿಸಿದವನು.

ತಗೋಬೇಕು ಬಣದ ಕೈಯಲ್ಲಿರುವ ಬ್ರಹ್ಮಾಸ್ತ್ರ ಕ್ರೊಯೇಷಿಯಾದ ಮಿಡ್‌ಫೀಲ್ಡರ್ ಲೂಕಾ ಮೋಡ್ರಿಚ್. 1985ರ ಸೆಪ್ಟೆಂಬರ್‌ನಲ್ಲಿ ಹುಟ್ಟಿದವರು. 2012ರಿಂದ 2025ರವರೆಗೆ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನಲ್ಲಿ ಆಡಿ, ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್ಪಾದ ಚಾಂಪಿಯನ್ಸ್ ಲೀಗ್ ಆರು ಸಲ ಗೆದ್ದರು. ನಲವತ್ತಕ್ಕೆ ಕಾಲಿಡುವ ಹೊತ್ತಿಗೆ ಇಟಲಿಯ ಮಿಲಾನ್ ಕ್ಲಬ್ ಅವರನ್ನು ಕರೆದುಕೊಂಡಿತು. ಅಲ್ಲಿ ಹೋಗಿ ಬೆಂಚಿನ ಮೇಲೆ ಕೂರಲಿಲ್ಲ, ಆಡಿದರು. ಸರಿ, ಒಪ್ಪೋಣ. ಅವರ ಕ್ರೊಯೇಷಿಯಾದ ಜನಸಂಖ್ಯೆ 40 ಲಕ್ಷ ಮುಟ್ಟುವುದಿಲ್ಲ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆ ಸೇರಿಸಿದರೆ ಅದಕ್ಕಿಂತ ಜಾಸ್ತಿ ಜನ ಇದ್ದೇವೆ. ಅವರು 2018ರಲ್ಲಿ ವಿಶ್ವಕಪ್ ಫೈನಲ್ ಆಡಿದರು. ನಾವು ಆ ಫೈನಲ್ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದೆವು.

ವಯಸ್ಸಿನ ಮಾತು ಬಂತು ಅಂದ್ರೆ ನನಗೆ ಇಂಗ್ಲೆಂಡಿನ ಹಳೇ ಆಟಗಾರ ಸ್ಟ್ಯಾನ್ಲಿ ಮ್ಯಾಥ್ಯೂಸ್ ನೆನಪಾಗುತ್ತಾರೆ. ಮಿಡ್‌ಫೀಲ್ಡರ್ ಅಲ್ಲ, ವಿಂಗರ್, ಅಂದ್ರೆ ಮೈದಾನದ ಅಂಚಿನಲ್ಲಿ ಆಡುತ್ತಿದ್ದವರು, ಇರಲಿ. 1961ರಲ್ಲಿ ಇಂಗ್ಲೆಂಡಿನ ಸ್ಟೋಕ್ ಸಿಟಿ ಎರಡನೇ ಡಿವಿಷನ್‌ನಲ್ಲಿ ಒದ್ದಾಡುತ್ತಿತ್ತು. ಮ್ಯಾಚ್ ನೋಡೋಕೆ ಎಂಟು ಸಾವಿರ ಚಿಲ್ಲರೆ ಜನ ಬಂದರೆ ಹೆಚ್ಚು. ಆಗ ಕ್ಲಬ್ಬಿನವರು ಬ್ಲ್ಯಾಕ್‌ಪೂಲ್‌ನಿಂದ 46 ವರ್ಷದ ಮ್ಯಾಥ್ಯೂಸ್ ಅವರನ್ನು ವಾಪಸ್ ಕರೆತಂದರು. ಮೊದಲ ಮ್ಯಾಚಿಗೇ 35,000 ದಾಟಿತು. 1963ರಲ್ಲಿ ತಂಡ ಗೆದ್ದು ಮೊದಲ ಡಿವಿಷನ್‌ಗೆ ಏರಿತು. ಈ ಮನುಷ್ಯ ತಮ್ಮ ಕೊನೆಯ ಲೀಗ್ ಮ್ಯಾಚ್ ಆಡಿದ್ದು 1965ರ ಫೆಬ್ರವರಿಯಲ್ಲಿ, ಐವತ್ತು ತುಂಬಿ ಐದು ದಿನ ಆದ ಮೇಲೆ. ಗುಟ್ಟು ಏನು ಅಂತ ಕೇಳಿದರೆ, ಬೆಳಗ್ಗೆ ಬೇಗ ಎದ್ದು ಕಸರತ್ತು, ಸಿಗರೇಟಿಲ್ಲ, ಕುಡಿತ ಇಲ್ಲ, ಸೋಮವಾರ ಉಪವಾಸ. ಹೌದು, ಸೋಮವಾರ ಉಪವಾಸ! ನಮ್ಮ ಅಜ್ಜಿ ಜೀವಮಾನವಿಡೀ ಸೋಮವಾರ ಉಪವಾಸ ಇದ್ದರು. ಯಾವ ಕ್ಲಬ್ಬೂ ಬಂದು ಕೇಳಲಿಲ್ಲ. ಉಪವಾಸದ ದಿನ ಅಜ್ಜಿ ತಿನ್ನುತ್ತಿದ್ದ ಸಾಬೂದಾನಿ ಖಿಚಡಿ, ಶೇಂಗಾ ಉಂಡೆ, ಬಾಳೆಹಣ್ಣು ನೋಡಿದರೆ ಮ್ಯಾಥ್ಯೂಸ್ ಅರವತ್ತರವರೆಗೂ ಆಡುತ್ತಿದ್ದರೇನೋ.

ಮಾತು ಎಲ್ಲಿಗೋ ಹೋಯಿತು. ಬೇಡ ಬಣದ ಹತ್ತಿರವೂ ಸಾಮಾನು ಕಡಿಮೆ ಏನಿಲ್ಲ. ಅವರದು 2014. ನಮ್ಮ ಫುಟ್‌ಬಾಲ್ ಲೀಗ್ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾದ ವರ್ಷ. ಪ್ರತಿ ತಂಡಕ್ಕೂ ಒಬ್ಬ ಮಾರ್ಕೀ ಆಟಗಾರ, ಅಂದ್ರೆ ಜನ ಸೆಳೆಯೋ ದೊಡ್ಡ ಹೆಸರು, ಇರಬೇಕು ಅಂತ ನಿಯಮ. ಪೋಸ್ಟರಿಗೆ ಮುಖ ಬೇಕಲ್ಲ! ಗೋವಾಕ್ಕೆ ಫ್ರಾನ್ಸಿನ ರಾಬರ್ಟ್ ಪಿರೆಸ್ ಬಂದರು, ಆಗಲೇ ನಲವತ್ತು. ಎದುರು ತಂಡದ ಕೋಚ್ ಜೊತೆ ಜಟಾಪಟಿಯಾಗಿ ಅಮಾನತಾದರು. ಮುಂಬೈಗೆ ಸ್ವೀಡನ್ನಿನ ಫ್ರೆಡ್ರಿಕ್ ಲ್ಯೂಂಗ್‌ಬೆರಿ ಬಂದರು, ನಾಲ್ಕು ಮ್ಯಾಚ್ ಆಡಿದರು. ದೆಹಲಿಗೆ ಇಟಲಿಯ ದೆಲ್ ಪಿಯೆರೊ ಬಂದರು, ಒಂದು ಗೋಲು. ಅನ್ಯಾಯ ಮಾಡಬಾರದು, ಚೆನ್ನೈಗೆ ಬಂದ ಬ್ರೆಜಿಲ್‌ನ ಎಲಾನೊ ಎಂಟು ಗೋಲು ಹೊಡೆದು ಆ ಸಲ ಎಲ್ಲರಿಗಿಂತ ಮುಂದಿದ್ದರು. ಆದರೆ ಅವರಿಗೆ ಆಗ ಮೂವತ್ತಮೂರು, ಅದು ಮುದಿತನ ಅಲ್ಲ. ಈಗ ನೀವು ಹೇಳಿ, ಆ ವರ್ಷದ ಫೈನಲ್‌ನಲ್ಲಿ ಕೊನೇ ಗಳಿಗೆಯಲ್ಲಿ ಕೋಲ್ಕತ್ತಕ್ಕೆ ಕಪ್ ತಂದುಕೊಟ್ಟ ಆ ಒಂದೇ ಒಂದು ಗೋಲು ಹೊಡೆದದ್ದು ಯಾರು? ನಮ್ಮ ಸಮಿತಿಯಲ್ಲಿ ಕೇಳಿದೆ. ಪಿರೆಸ್ ಅಂದರು, ಕೋಲ್ಕತ್ತದ ಮಾರ್ಕೀ ಗಾರ್ಸಿಯಾ ಅಂದರು, ಒಬ್ಬ ಧೈರ್ಯ ಮಾಡಿ ಈ ಲೀಗಿಗೇ ಬರದ ಝಿದಾನ್ ಅಂದ. ಮೊಹಮ್ಮದ್ ರಫೀಕ್. ನಮ್ಮ ದೇಶದ ಹುಡುಗ, ಬದಲಿ ಆಟಗಾರನಾಗಿ ಬಂದವನು, ಮಿಡ್‌ಫೀಲ್ಡರ್. ಪೋಸ್ಟರ್‌ನಲ್ಲಿ ಇರಲಿಲ್ಲ.

ಆದರೂ ನನಗೆ ಆ ಹಿರಿಯರು ಬರಲಿ ಅಂತಲೇ ಆಸೆ, ಅದೂ ಬಳ್ಳಾರಿಗೇ ಬರಲಿ. ಸುಮ್ನೆ ಹೇಳ್ತಿಲ್ಲ. ತೋರಣಗಲ್ಲಿನ ಹತ್ತಿರ, ಉಕ್ಕಿನ ಕಾರ್ಖಾನೆಯ ಪಕ್ಕ, 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆಯಲ್ಲ, ಐಎಸ್ಎಲ್ ಆಡುವ ಬೆಂಗಳೂರು ಎಫ್‌ಸಿ ತಂಡ ಸೀಸನ್‌ಗೆ ಮುಂಚೆ ಅಲ್ಲಿಗೆ ಬಂದು ತಯಾರಿ ಮಾಡಿದ್ದುಂಟು. ಅಲ್ಲಿ ಹುಲ್ಲು ಹಸಿರಾಗಿದೆ, ಬೇಲಿಯ ಈಚೆ ಎಲ್ಲ ಕೆಂಪು. ನಮ್ಮ ಸ್ಟಾರು ಬಂದಿಳಿದರು ಅಂತ ಇಟ್ಕೊಳ್ಳಿ. ಮೊದಲು ಕ್ರೇನ್ ಬರುತ್ತೆ. ಕ್ರೇನಿನಲ್ಲಿ ಸೇಬಿನ ಹಾರ. ಎರಡು ಜೆಸಿಬಿ, ಅವುಗಳ ಬಕೆಟ್ ತುಂಬ ಚೆಂಡುಹೂವು. ತಮಟೆ, ಡೊಳ್ಳು, ಪಟಾಕಿ. ಮುಖಕ್ಕೆ ಭಂಡಾರ, ತಲೆಗೆ ಪೇಟ, ಹೆಗಲಿಗೆ ಶಾಲು, ಆ ಶಾಲಿನ ಮೇಲೆ ಇನ್ನೂ ಏಳೆಂಟು ಶಾಲು, ಮೇ ತಿಂಗಳಲ್ಲಿ. ಫಿಟ್‌ನೆಸ್ ಟೆಸ್ಟ್ ಬೇರೆ ಮಾಡಬೇಕಾಗಿಲ್ಲ. ಅಷ್ಟಾದ ಮೇಲೂ ನಿಂತಿದ್ದರೆ ಸಹಿ ಹಾಕಿಸಿಕೊಳ್ಳಬಹುದು.

ಫ್ಲೆಕ್ಸ್ ಕಥೆ ಇನ್ನೂ ಚಂದ. ಮೇಲೆ ದೇವರು, ದೇವರ ಕೆಳಗೆ ನಾಯಕರು, ನಾಯಕರ ಕೆಳಗೆ ಮರಿ ನಾಯಕರು, ಪಾಸ್‌ಪೋರ್ಟ್ ಸೈಜಿನಲ್ಲಿ ಸಾಲು ಸಾಲು ತಲೆಗಳು, ಎಲ್ಲರದೂ ಫೋನ್ ಕಿವಿಗಿಟ್ಟ ಭಂಗಿ. ಮೂಲೆಯಲ್ಲಿ ಉಳಿದ ಜಾಗದಲ್ಲಿ ಅತಿಥಿ. ಅವಸರದಲ್ಲಿ ಅಂಗಡಿಯ ಹುಡುಗ ಗೂಗಲ್‌ನಿಂದ ಬೇರೆ ಯಾರದೋ ಫೋಟೋ ಇಳಿಸಿ ಅಂಟಿಸಿರುತ್ತಾನೆ. ಯಾರೂ ಗಮನಿಸುವುದಿಲ್ಲ, ಯಾಕಂದ್ರೆ ಎಲ್ಲರೂ ನೋಡೋದು ತಮ್ಮ ತಲೆ ಎಷ್ಟು ದೊಡ್ಡದಿದೆ, ಪಕ್ಕದವನದು ಎಷ್ಟಿದೆ ಅಂತ.

ಇಲ್ಲಿ ನಗು ನಿಲ್ಲಿಸ್ತೀನಿ. 2026ರ ಜನವರಿ 1ರಂದು, ಇದೇ ಬಳ್ಳಾರಿಯಲ್ಲಿ ಬ್ಯಾನರ್ ಕಟ್ಟೋ ವಿಚಾರಕ್ಕೆ ಗಲಾಟೆಯಾಗಿ ಒಬ್ಬ ಯುವಕ ಸತ್ತ. ಬ್ಯಾನರಿಗೆ. ಅದಾದ ಮೇಲೂ ಊರಲ್ಲಿ ಫ್ಲೆಕ್ಸ್ ಕಮ್ಮಿ ಆಗಿಲ್ಲ.

ಮತ್ತೆ ಫುಟ್‌ಬಾಲ್. ದೊಡ್ಡ ಆಟಗಾರ ಬಂದರೆ ಆಡೋದು ಎಲ್ಲಿ ಅಂತ ಯಾವ ಬಣವೂ ಕೇಳಿಲ್ಲ. 2025ರ ಜುಲೈನಲ್ಲಿ ಐಎಸ್ಎಲ್ಲೇ ನಿಂತುಹೋಗಿತ್ತು, ಮರೆತಿರಾ? ದೇಶದ ಫುಟ್‌ಬಾಲ್ ಫೆಡರೇಷನ್‌ಗೂ ಲೀಗ್ ನಡೆಸುವ ಕಂಪನಿಗೂ ಇದ್ದ ಒಪ್ಪಂದ ಆ ವರ್ಷದ ಡಿಸೆಂಬರ್‌ಗೆ ಮುಗಿಯುವುದಿತ್ತು, ಮುಂದೇನು ಅಂತ ಯಾರಿಗೂ ಗೊತ್ತಿರಲಿಲ್ಲ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿಯೇ ತನ್ನ ಮೊದಲ ತಂಡದ ಆಟಗಾರರಿಗೆ, ಸಿಬ್ಬಂದಿಗೆ ಸಂಬಳ ನಿಲ್ಲಿಸಿತು. ಲೀಗ್ ನಡೆಸೋಕೆ ಕರೆದ ಟೆಂಡರಿನ ಗಡುವು ನವೆಂಬರ್‌ನಲ್ಲಿ ಮುಗಿದರೂ ಒಬ್ಬನೇ ಒಬ್ಬ ಬಿಡ್ ಹಾಕಲಿಲ್ಲ. ನಮ್ಮ ಕಡೆ ಚರಂಡಿ ಹೂಳೆತ್ತೋ ಟೆಂಡರಿಗೂ ಜನ ಜಗಳ ಆಡ್ತಾರೆ. ಕೊನೆಗೆ ಕೇಂದ್ರದ ಕ್ರೀಡಾ ಮಂತ್ರಿ ನಡುವೆ ಬಂದು, 2026ರ ಫೆಬ್ರವರಿಯಲ್ಲಿ ಅರ್ಧಂಬರ್ಧ ಸೀಸನ್ ಶುರುವಾಯಿತು.

ದೇಶದ ತಂಡದ ಕಥೆ ಕೇಳೋದೇ ಬೇಡ. ನಾಯಕರಾಗಿದ್ದ ಸುನಿಲ್ ಛೆಟ್ರಿ 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕಣ್ಣೀರು ಹಾಕಿ ವಿದಾಯ ಹೇಳಿದರು. ನಾವೂ ಅತ್ತೆವು. 2025ರ ಮಾರ್ಚ್‌ನಲ್ಲಿ ಮತ್ತೆ ಕರೆದರು. ನಲವತ್ತು ದಾಟಿದ ಮನುಷ್ಯ ಬಂದು ಮಾಲ್ಡೀವ್ಸ್ ಮೇಲೆ ಗೋಲು ಹೊಡೆದರು. ಅವರಿಗೆ ಕೈಮುಗೀಬೇಕು. ಕರೆದವರಿಗೆ ಏನು ಮುಗೀಬೇಕೋ ತಿಳೀದು. ಗೋಲು ಹೊಡೆಯುವ ಜಾಗವನ್ನೆಲ್ಲ ಕ್ಲಬ್‌ಗಳು ವಿದೇಶಿಯರಿಗೆ ಕೊಟ್ಟು, ನಮ್ಮ ಹುಡುಗರನ್ನು ಬೆಂಚಿನ ಮೇಲೆ ಬೆಳೆಸಿದರೆ ಇನ್ನೇನಾಗುತ್ತೆ? ಅದೇ ವರ್ಷ ಏಷ್ಯನ್ ಕಪ್ಪಿನಲ್ಲಿ ಆಡುವ ಅರ್ಹತೆಯೂ ಕೈತಪ್ಪಿತು.

ಬೇಡ ಬಣದ ನಾಯಕನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತೆ. ಶೇಂಗಾ ಬೀಜ ತಿಂದವನು ಅವನೇ. ಕಾಲೇಜಿನಲ್ಲಿ ಒಳ್ಳೇ ಆಟಗಾರ, ಆಮೇಲೆ ಬಿಪಿಎಡ್, ಅಂದ್ರೆ ದೈಹಿಕ ಶಿಕ್ಷಣದ ಪದವಿ, ಮಾಡಿದ. ಈಗ ಖಾಸಗಿ ಶಾಲೆಯೊಂದರಲ್ಲಿ ಪಿಟಿ ಮೇಷ್ಟ್ರು. ಪ್ರಾರ್ಥನೆಗೆ ಸಾಲು ನಿಲ್ಲಿಸೋದು, ಶಾಲೆಯ ಬಸ್ಸಿಗೆ ಮಕ್ಕಳನ್ನು ಹತ್ತಿಸೋದು, ಗಣಿತದವರು ರಜೆ ಹಾಕಿದರೆ ಆ ಕ್ಲಾಸ್ ಕಾಯೋದು, ಇದು ಅವನ ಆಟ. ಸರ್ಕಾರಿ ಕೆಲಸಕ್ಕೆ ಕಾದ. ನಮ್ಮದು ಸಂವಿಧಾನದ 371ಜೆ ವಿಧಿಗೆ ಬರುವ ಕಲ್ಯಾಣ ಕರ್ನಾಟಕ, ಸ್ಥಳೀಯರಿಗೆ ಮೀಸಲು ಇದೆ, ಹುದ್ದೆ ಖಾಲಿ ಇವೆ, ಆಗುತ್ತೆ ಬಿಡು ಅಂತ ಎಲ್ಲರೂ ಹೇಳಿದರು. ಸರ್ಕಾರಿ ನೇಮಕಾತಿಯ ಮಾಮೂಲಿ ವಯೋಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದವರಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ ಒಂದಕ್ಕೆ 40. ಇವನದು 38ರ ಸಾಲು. 2024ರ ಅಕ್ಟೋಬರ್‌ನಲ್ಲಿ, ಪರಿಶಿಷ್ಟ ಜಾತಿಗಳ ಮೀಸಲನ್ನು ಅವರೊಳಗೇ ಹಂಚುವ ಒಳಮೀಸಲಾತಿ ತೀರ್ಮಾನ ಆಗೋವರೆಗೆ ಹೊಸ ಅಧಿಸೂಚನೆ ಬೇಡ ಅಂತ ಸರ್ಕಾರ ನಿಲ್ಲಿಸಿತು. ಒಳಮೀಸಲಾತಿ ನ್ಯಾಯವಾದದ್ದೇ, ಅದನ್ನು ಕೇಳಿದವರದು ಏನೂ ತಪ್ಪಿಲ್ಲ. ಆದರೆ ನೇಮಕಾತಿ ನಿಂತಿತೇ ಹೊರತು ಈ ಹುಡುಗರ ವಯಸ್ಸು ನಿಲ್ಲಲಿಲ್ಲ. ಒಂದು ಸಲಕ್ಕೆ ಮಾತ್ರ ಅಂತ ವಯಸ್ಸಿನಲ್ಲಿ ಸಡಿಲಿಕೆ ಕೊಟ್ಟರು. ಅರ್ಜಿಯೇ ಕರೆಯದಿದ್ದರೆ ಸಡಿಲಿಕೆ ತಗೊಂಡು ಏನು ಮಾಡೋದು, ಉಪ್ಪಿನಕಾಯಿ ಹಾಕೋದಾ?

ಶಾಸಕರಾಗೋಕೆ ಕನಿಷ್ಠ 25 ವರ್ಷ ಆಗಿರಬೇಕು, ಗರಿಷ್ಠ ಮಿತಿ ಇಲ್ಲ. ಎಂಬತ್ತರಲ್ಲೂ ಟಿಕೆಟ್ ಕೇಳಬಹುದು, ಸಿಗದಿದ್ದರೆ ಮಗನಿಗೆ ಕೇಳಬಹುದು. ಮಿಲಾನ್‌ನಲ್ಲಿ ನಲವತ್ತರವನನ್ನು ಕರೆದು ಕೆಲಸ ಕೊಡ್ತಾರೆ. ಇಲ್ಲಿ ಮಕ್ಕಳಿಗೆ ಚೆಂಡು ಒದೆಯೋದು ಕಲಿಸುವ ಮನುಷ್ಯನಿಗೆ 38 ಆದರೆ ಮುದುಕ. ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಪಿಟಿ ಮೇಷ್ಟ್ರೇ ಇಲ್ಲ. ಇರುವವನು ಬಸ್ಸಿನ ಬಾಗಿಲು ಕಾಯ್ತಾನೆ. ಇದನ್ನ ಎಷ್ಟು ಸಲ ಬರೆಯೋದು? ಬರೆದು ಬರೆದು ಸಾಕಾಗಿದೆ.

ಅವನನ್ನೇ ಕೇಳಿದೆ. ಖರೇ ಹೇಳಪ್ಪಾ, ಆ ಸ್ಟಾರನ್ನ ತಗೋಬೇಕಾ ಬೇಡವಾ? ಬೇಡ ಬಣದ ನಾಯಕ ಮಿರ್ಚಿ ತೊಟ್ಟು ಕಿತ್ತು ಪಕ್ಕಕ್ಕಿಟ್ಟು, "ತಗೊಳ್ಳಲಿ ಬಿಡಣ್ಣಾ, ಪಾಪ. ಆ ವಯಸ್ಸಾಗ ಯಾರಾದ್ರೂ ಕರೆದ್ರೆ ಎಷ್ಟು ಖುಷಿ ಆಗ್ತದ" ಅಂದ. ಬಣದವರೆಲ್ಲ ಕಂಗಾಲು. ಅವತ್ತಿನ ಸಭೆ ಅಲ್ಲಿಗೆ ಮುರಿದುಬಿತ್ತು.

ಹಾಗಾಗಿ ನನ್ನ ಮತವೂ ತಗೊಳ್ಳಿ ಅಂತಲೇ. ಆದರೆ ಮೊದಲು ನಮ್ಮ ಹುಡುಗರ ಸಂಬಳ ತಿಂಗಳು ತಿಂಗಳು ಸರಿಯಾಗಿ ಕೊಡಿ. ಆಮೇಲೆ ಆ ಹಿರಿಯರ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ, ವಾರಕ್ಕೊಂದು ದಿನ ಜಿಲ್ಲೆಯ ಯಾವುದಾದರೂ ಸರ್ಕಾರಿ ಶಾಲೆಯ ಮೈದಾನಕ್ಕೆ ಬರಬೇಕು ಅಂತ. ಶಾಲು, ಹಾರ, ಫ್ಲೆಕ್ಸ್ ಯಾವುದೂ ಬೇಡ, ಬರೀ ಬೂಟು ಹಾಕ್ಕೊಂಡು ಬರಲಿ. ಸಂಜೆ ಐದರ ಮೇಲೆ ಬರಲಿ, ಅಷ್ಟೊತ್ತಿಗೆ ನೆಲ ಸ್ವಲ್ಪ ತಣ್ಣಗಾಗಿರುತ್ತೆ. ವಾರ ಮಂಗಳವಾರವೇ ಇರಲಿ. ಅವತ್ತು ಮದುವೆ ಇಟ್ಟುಕೊಳ್ಳುವವರು ಕಡಿಮೆ, ಶಾಮಿಯಾನ ಇಲ್ಲದೆ ಮೈದಾನ ಖಾಲಿ ಸಿಗಬಹುದು.