ನಾಲ್ಕು ಗಂಟೆಯ ಪರಪರ

ಡಾರ್ಮಿಟರಿಯಲ್ಲಿ ಗೊರಕೆ ಹೊಡೆಯುವವರನ್ನು ಕ್ಷಮಿಸಬಹುದು. ಪಾಪ, ಅವರಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ಎಂಟು ಜನ ಮಲಗಿರುವ ಕೋಣೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಪ್ಲಾಸ್ಟಿಕ್ ಕವರುಗಳ ಗಂಟು ಬಿಚ್ಚುತ್ತ ಬ್ಯಾಗ್ ತುಂಬಲು ಕೂರುವವರಿಗೆ ಕ್ಷಮೆಯಿಲ್ಲ. ಇವತ್ತು ಬೆಳಗ್ಗೆಯೂ ಒಬ್ಬರು ಕೂತಿದ್ದರು. ಈ ಬರಹದಲ್ಲಿ ಸ್ವಲ್ಪ ಖಾರ ಹೆಚ್ಚಾಗಿದ್ದರೆ ನಿದ್ದೆಗೆಟ್ಟ ಕಣ್ಣಿನ ಮೇಲೆ ಹಾಕಿಬಿಡಿ.

ತಿಂಗಳುಗಟ್ಟಲೆ ಒಂದೇ ಬ್ಯಾಕ್‌ಪ್ಯಾಕನ್ನು ಮನೆ ಮಾಡಿಕೊಂಡು ತಿರುಗುವ ನಮ್ಮ ಪಂಗಡಕ್ಕೆ ಈ ಮಹಾಶಯರ ಪರಿಚಯ ಇದ್ದೇ ಇರುತ್ತದೆ. ಕಾರ್ಯಕ್ರಮ ಶುರುವಾಗುವುದು ಅಲಾರಂನಿಂದ. ಅದು ಬಡಿದುಕೊಳ್ಳುವುದು ದಿಂಬಿನ ಕೆಳಗಲ್ಲ, ಬ್ಯಾಗಿನ ತಳದಲ್ಲಿ. ಉಳಿದ ಏಳು ಜನ ಎದ್ದ ಮೇಲೆ ಅಲಾರಂ ಇಟ್ಟವರೂ ಏಳುತ್ತಾರೆ. ಆಮೇಲೆ ಹೆಡ್‌ಲ್ಯಾಂಪ್. ಹಣೆಗೆ ಕಟ್ಟಿದ ದೀಪದ ಗುಣವೇ ಅದು, ಕಟ್ಟಿಕೊಂಡವರು ಎಲ್ಲಿ ನೋಡುತ್ತಾರೋ ಅಲ್ಲೇ ಬೆಳಕು. ಯಾರಿಗಾದರೂ ಎಚ್ಚರವಾಯಿತೇನೋ ಎಂಬ ಕಾಳಜಿಯಿಂದ ಒಂದೊಂದೇ ಮಂಚದ ಕಡೆ ತಿರುಗಿ ನೋಡುತ್ತಾರೆ. ಆಗದವರಿಗೂ ಆಗ ಆಗುತ್ತದೆ. ಬಹಳಷ್ಟು ಹೆಡ್‌ಲ್ಯಾಂಪ್‌ಗಳಲ್ಲಿ ಕೆಂಪು ಬೆಳಕಿನ ಆಯ್ಕೆ ಇದೆ. ಕತ್ತಲಲ್ಲಿ ನೋಡಲು ನೆರವಾಗುವ ಕಣ್ಣಿನ ಕೋಶಗಳನ್ನು ಕೆಂಪು ಬೆಳಕು ಅಷ್ಟಾಗಿ ಕೆಣಕುವುದಿಲ್ಲ, ಅದಕ್ಕೇ ಅದನ್ನು ಕೊಟ್ಟಿರುವುದು. ಆ ಗುಂಡಿಯನ್ನು ಒತ್ತಿದವರನ್ನು ಇನ್ನೂ ಯಾರೂ ಕಂಡಂತಿಲ್ಲ.

ಇಷ್ಟಾದ ಮೇಲೆ ಕವರು. ಸಾಕ್ಸಿಗೆ ಒಂದು, ಚಾರ್ಜರಿಗೆ ಒಂದು, ಸೋಪಿಗೆ ಎರಡು, ಮುಂದೆ ಬೇಕಾದೀತೆಂದು ಮಡಿಚಿಟ್ಟ ಖಾಲಿ ಕವರುಗಳಿಗೇ ಒಂದು ಕವರು. ಒಂದೊಂದಕ್ಕೂ ಎರಡೆರಡು ಗಂಟು. ಮೊದಲನೆಯದನ್ನು ಬಿಚ್ಚಿ ನೋಡುತ್ತಾರೆ: ಇದಲ್ಲ. ಹಾಗೇ ಬಿಡುವ ಜನವಲ್ಲ, ಮತ್ತೆ ಗಂಟು ಹಾಕುತ್ತಾರೆ. ಎರಡನೆಯದು: ಇದೂ ಅಲ್ಲ. ಮೂರನೆಯದನ್ನು ಬಿಚ್ಚದೆ ಹೊರಗಿನಿಂದಲೇ ಹಿಸುಕಿ ಹಿಸುಕಿ ಊಹಿಸುತ್ತಾರೆ. ಬಿಚ್ಚುವುದಕ್ಕಿಂತ ಅದರ ಸದ್ದೇ ಜೋರು. ಅಷ್ಟರಲ್ಲಿ ಯಾರೋ ಮಗ್ಗುಲು ಬದಲಿಸಿ ನಿಟ್ಟುಸಿರು ಬಿಡುತ್ತಾರೆ. ಮಹಾಶಯರಿಗೆ ನಾಚಿಕೆಯಾಗುತ್ತದೆ. ನಾಚಿಕೆಯಾಗಿ ಏನು ಮಾಡುತ್ತಾರೆ? ನಿಧಾನ ಮಾಡುತ್ತಾರೆ. ಅನಾಹುತ ಇರುವುದೇ ಇಲ್ಲಿ.

ಮುದುಡಿದ ಪ್ಲಾಸ್ಟಿಕ್ ಹಾಳೆಯ ಮೈತುಂಬ ಸಣ್ಣ ಸಣ್ಣ ಮಡಿಕೆಗಳಿರುತ್ತವೆ. ಹಾಳೆಯನ್ನು ಎಳೆದಾಗ ಅವು ಮೆಲ್ಲಗೆ ನೇರವಾಗುವುದಿಲ್ಲ. ಎಳೆತ ಒಂದು ಹಂತ ಮುಟ್ಟುವವರೆಗೆ ತಡೆದುಕೊಂಡಿದ್ದು, ಟಪ್ಪನೆ ಇನ್ನೊಂದು ಆಕಾರಕ್ಕೆ ಜಿಗಿಯುತ್ತವೆ. ಪ್ರತಿ ಜಿಗಿತಕ್ಕೂ ಒಂದು ಚಿಟಿಕೆ ಸದ್ದು, ಅವೆಲ್ಲ ಸೇರಿದರೆ ಪರಪರ. ಮಿಠಾಯಿ ಸುತ್ತಿದ ಹಾಳೆಯ ಸದ್ದನ್ನು ಧ್ವನಿಮುದ್ರಿಸಿ ಪರೀಕ್ಷಿಸಿದ ಭೌತವಿಜ್ಞಾನಿಗಳಿದ್ದಾರೆ. ನಿಧಾನವಾಗಿ ಬಿಡಿಸಿದರೂ ಸದ್ದು ತಗ್ಗುವುದಿಲ್ಲ, ಒಂದು ಟಪ್ಪಿಗೂ ಇನ್ನೊಂದು ಟಪ್ಪಿಗೂ ನಡುವಿನ ಬಿಡುವು ಹೆಚ್ಚುತ್ತದೆ ಅಷ್ಟೆ ಎಂದು ಅವರು ಕಂಡುಕೊಂಡರು. ಎರಡು ಸೆಕೆಂಡಿನಲ್ಲಿ ಮುಗಿಯಬೇಕಾದ ಹಿಂಸೆಯನ್ನು ಸೌಜನ್ಯದ ಹೆಸರಿನಲ್ಲಿ ನಲವತ್ತು ಸೆಕೆಂಡಿಗೆ ಹಿಗ್ಗಿಸಿದಂತಾಯಿತು. ಮುಂದಿನ ಟಪ್ ಯಾವಾಗ ಬಂದೀತೋ ಎಂದು ಕತ್ತಲಲ್ಲಿ ಕಿವಿ ನಿಮಿರಿಸಿ ಮಲಗಿರುವ ಏಳು ಜನರ ಪರವಾಗಿ ಒಂದು ವಿನಂತಿ: ಬಿಚ್ಚಲೇಬೇಕಿದ್ದರೆ ಸರ್ರನೆ ಬಿಚ್ಚಿ ಮುಗಿಸಿ.

ಬಿಚ್ಚುವ ಪ್ರಮೇಯವೇ ಬಾರದಿರಲು ಹಿಂದಿನ ರಾತ್ರಿ ಹತ್ತು ನಿಮಿಷ ಸಾಕು. ದೀಪ ಆರುವ ಮೊದಲೇ ಬ್ಯಾಗ್ ತುಂಬಿ ಮುಚ್ಚಿಡಿ. ಬೆಳಗ್ಗೆ ತೊಡುವ ಬಟ್ಟೆ, ಟೂತ್‌ಬ್ರಷ್, ಚಪ್ಪಲಿ, ಪಾಸ್‌ಪೋರ್ಟ್ ಮಾತ್ರ ಹೊರಗಿರಲಿ, ಬಟ್ಟೆ ಚೀಲವೊಂದರಲ್ಲಿ ಹಾಕಿ ತಲೆದಿಂಬಿನ ಪಕ್ಕಕ್ಕೆ. ಚಾರ್ಜರನ್ನು ಗೋಡೆಯಿಂದ ಕಿತ್ತುಕೊಳ್ಳಲು ಮಾತ್ರ ಮರೆಯಬೇಡಿ. ಊರೂರಿನ ಪ್ಲಗ್ ಪಾಯಿಂಟ್‌ಗಳಲ್ಲಿ ಚಾರ್ಜರುಗಳ ಒಂದು ಅನಾಥಾಶ್ರಮವೇ ಇದೆ. ಎದ್ದವರು ಬ್ಯಾಗನ್ನು ಹಾಗೇ ಎತ್ತಿಕೊಂಡು ಹೊರಗೆ ಹೋಗಿ, ಮಿಕ್ಕಿದ್ದೆಲ್ಲವನ್ನೂ ಓಣಿಯಲ್ಲಿ ಮಾಡಿಕೊಳ್ಳಬಹುದು. ಅಲ್ಲಿ ಬೇಕಾದರೆ ಕವರನ್ನು ಊದಿ ಒಡೆಯಿರಿ.

ಕವರಿಗೆ ಬದಲಾಗಿ ಜಾಲರಿ ಮುಚ್ಚಳದ ಪ್ಯಾಕಿಂಗ್ ಕ್ಯೂಬ್‌ಗಳಿವೆ. ಒಳಗೇನಿದೆ ಎಂದು ಬಿಚ್ಚದೆಯೇ ಕಾಣುತ್ತದೆ, ಸದ್ದೂ ಇಲ್ಲ. ಹಾಗಂತ ಅವು ಜಾಗ ಉಳಿಸುತ್ತವೆ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಚೌಕಾಕಾರದ ಆ ಪೊಟ್ಟಣಗಳ ನಡುವೆ ಮೂಲೆ ಮೂಲೆಯಲ್ಲಿ ಪೊಳ್ಳು ಉಳಿಯುತ್ತದೆ, ಅದನ್ನು ತುಂಬಲು ಮತ್ತೆ ಸಾಕ್ಸೇ ಬೇಕು.

ಬೇಕಾದ ವಸ್ತು ಯಾವಾಗಲೂ ತಳದಲ್ಲೇ ಇರುವುದು ಏಕೆ ಎಂದು ಹಲವರು ಹಣೆಬರಹವನ್ನು ಬೈಯುತ್ತಾರೆ. ಬೈಯಬೇಕಾದ್ದು ಬ್ಯಾಗಿನ ಬಾಯನ್ನು. ಮೇಲಿನಿಂದ ಮಾತ್ರ ತೆರೆಯುವ ಬ್ಯಾಗ್ ಬೆಟ್ಟ ಹತ್ತುವವರಿಗೆ ಸರಿ, ಹೊಲಿಗೆ ಜಿಪ್ಪು ಕಡಿಮೆ, ಬಾಳಿಕೆ ಹೆಚ್ಚು. ಊರಿಂದೂರಿಗೆ ಹೋಗುವವರಿಗೆ ಮೂರು ಬದಿಯ ಜಿಪ್ ಎಳೆದರೆ ಸೂಟ್‌ಕೇಸಿನಂತೆ ಬಾಯ್ತೆರೆಯುವುದೇ ವಾಸಿ. ಯಾವುದಾದರೂ ಸರಿ, ತುಂಬುವ ಕ್ರಮ ಒಂದೇ: ದಿನವಿಡೀ ಬೇಡವಾದ ಹಗುರ ಸಾಮಾನು ತಳಕ್ಕೆ, ಭಾರದ್ದು ನಡುವೆ ಬೆನ್ನಿಗೆ ಅಂಟಿದಂತೆ, ಮಳೆ ಅಂಗಿ ಎಲ್ಲಕ್ಕಿಂತ ಮೇಲೆ. ಭಾರ ಬೆನ್ನಿನಿಂದ ದೂರವಾದಷ್ಟೂ ಹಿಂದಕ್ಕೆ ಜಗ್ಗುತ್ತದೆ, ಜಗ್ಗಿದಷ್ಟೂ ನಾವು ಮುಂದಕ್ಕೆ ಬಾಗುತ್ತೇವೆ, ಸಂಜೆಗೆ ಸೊಂಟ ಲೆಕ್ಕ ಕೇಳುತ್ತದೆ.

ಸೊಂಟದ ಮಾತು ಬಂತು. ಬ್ಯಾಗಿನ ಸೊಂಟಪಟ್ಟಿಯನ್ನು ಎರಡೂ ಕಡೆ ನೇತಾಡಲು ಬಿಟ್ಟು, ದಾರಿಹೋಕರ ಮೊಣಕಾಲಿಗೆ ಬಕಲ್‌ನಿಂದ ಬಡಿಯುತ್ತ ನಡೆಯುವವರು ಮುಂದೊಮ್ಮೆ ಭುಜನೋವಿನ ಬಗ್ಗೆ ದೀರ್ಘವಾಗಿ ಮಾತಾಡುತ್ತಾರೆ. ಮೊದಲು ಎಲ್ಲ ಪಟ್ಟಿ ಸಡಿಲಿಸಿ, ಸೊಂಟಪಟ್ಟಿ ಸೊಂಟದ ಎಲುಬಿನ ಮೇಲಂಚಿನಲ್ಲಿ ಕೂರುವಂತೆ ಬಿಗಿಯಬೇಕು. ಹೊಟ್ಟೆಯ ಮೇಲಲ್ಲ. ಆಮೇಲೆ ಭುಜದ ಪಟ್ಟಿ, ಆಮೇಲೆ ಭುಜದ ಮೇಲ್ಗಡೆಯ ಸಣ್ಣ ಪಟ್ಟಿ, ಕೊನೆಗೆ ಎದೆಯದು. ಭಾರದ ಬಹುಪಾಲು ಸೊಂಟಕ್ಕೆ ಇಳಿಯಬೇಕು. ಭುಜದ ಪಟ್ಟಿಗಳ ಕೆಲಸ ಬ್ಯಾಗ್ ಹಿಂದಕ್ಕೆ ವಾಲದಂತೆ ಹಿಡಿದುಕೊಳ್ಳುವುದು.

ರೇನ್ ಕವರ್ ಇದೆಯಲ್ಲ ಎಂದು ಮಳೆಯಲ್ಲಿ ಧೈರ್ಯವಾಗಿ ನಡೆಯುವವರಿಗೂ ಒಂದು ಮಾತು. ಅದು ಬ್ಯಾಗಿನ ಮೂರು ಕಡೆ ಮುಚ್ಚುತ್ತದೆ. ನಾಲ್ಕನೆಯ ಕಡೆ ನಿಮ್ಮ ಬೆನ್ನು, ಕತ್ತಿನಿಂದ ಇಳಿದ ನೀರು ಹರಿಯುವುದು ಅಲ್ಲೇ. ಅಷ್ಟೇ ಅಲ್ಲ, ಹಾಗೆ ಒಳಸೇರಿದ ನೀರು ಕವರಿನ ತಳದಲ್ಲಿ ಕೆರೆ ಕಟ್ಟಿಕೊಂಡು, ಜೋಪಾನವಾಗಿ ತಳಕ್ಕೆ ತುಂಬಿದ ಬಟ್ಟೆಯನ್ನೇ ನೆನೆಸುತ್ತದೆ. ಬ್ಯಾಗಿನ ಒಳಗೇ ಒಂದು ದೊಡ್ಡ ನೀರುನಿರೋಧಕ ಚೀಲ ಇಳಿಬಿಟ್ಟು, ಅದರೊಳಗೆ ಎಲ್ಲ ತುಂಬಿ, ಬಾಯಿ ಸುರುಳಿ ಸುತ್ತುವುದೇ ಸರಿಯಾದ ಉಪಾಯ.

ಬಟ್ಟೆ ಒಗೆಯುವುದು ಇನ್ನೊಂದು ವ್ರತ. ವಾಷ್‌ಬೇಸಿನ್ನಿಗೆ ಮುಚ್ಚಳ ಇರುವುದಿಲ್ಲ. ಅಂಗೈ ಅಗಲದ ಚಪ್ಪಟೆ ರಬ್ಬರ್ ಬಿಲ್ಲೆಯೊಂದು ಜೊತೆಗಿದ್ದರೆ ಯಾವ ತೂತಿಗೂ ಸೈ, ನೀರಿನ ಒತ್ತಡವೇ ಅದನ್ನು ಕೂರಿಸುತ್ತದೆ. ಇಲ್ಲದವರು ಸಾಕ್ಸ್ ಉಂಡೆ ಮಾಡಿ ತುರುಕುತ್ತಾರೆ, ಆ ಸಾಕ್ಸ್ ಕೊನೆಗೂ ಒಗೆತ ಕಾಣದೆ ಉಳಿಯುತ್ತದೆ. ಹಿಂಡಿದ ಬಟ್ಟೆಯನ್ನು ಒಣ ಟವೆಲ್ಲಿನ ಮೇಲೆ ಹರಡಿ, ಎರಡನ್ನೂ ಸೇರಿಸಿ ಸುರುಳಿ ಸುತ್ತಿ, ಮೇಲೆ ನಿಂತು ತುಳಿದರೆ ಉಳಿದ ನೀರಿನಲ್ಲಿ ದೊಡ್ಡ ಪಾಲು ಟವೆಲ್ಲಿಗೆ ಹೋಗುತ್ತದೆ. ರಾತ್ರಿ ಕಳೆಯುವುದರೊಳಗೆ ಪಾಲಿಯೆಸ್ಟರ್ ಒಣಗುತ್ತದೆ, ಹತ್ತಿ ಬಟ್ಟೆ ಹಠ ಹಿಡಿದು ಕೂರುತ್ತದೆ. ಪಾಲಿಯೆಸ್ಟರ್‌ಗೂ ಮೆರೆಯುವ ಹಕ್ಕಿಲ್ಲ, ಬೆವರಿನ ಜಿಡ್ಡನ್ನು ಅದು ಬಿಟ್ಟುಕೊಡುವುದಿಲ್ಲ, ತೊಟ್ಟು ಅರ್ಧ ದಿನಕ್ಕೆಲ್ಲ ಬಸ್ಸಿನಲ್ಲಿ ಪಕ್ಕದ ಸೀಟು ತಾನಾಗಿ ಖಾಲಿಯಾಗುತ್ತದೆ. ಮೆರಿನೋ ಉಣ್ಣೆ ವಾಸನೆಯ ವಿಷಯದಲ್ಲಿ ಸಭ್ಯ, ಬೆಲೆಯ ವಿಷಯದಲ್ಲಿ ಅಲ್ಲ.

ವಿಮಾನದ ತೂಕದಂತೂ ದೊಡ್ಡ ನಾಟಕ. ಕ್ಯಾಬಿನ್ ಬ್ಯಾಗಿಗೆ ಹಲವು ಕಂಪನಿಗಳ ಮಿತಿ 7 ಕಿಲೋ. ಬ್ಯಾಗ್ ಒಂದೂವರೆ ಕಿಲೋ, ಲ್ಯಾಪ್‌ಟಾಪ್ ಮತ್ತದರ ಬಳಗ ಎರಡು ಕಿಲೋ ಎಂದರೆ ಬದುಕಿಗೆ ಉಳಿಯುವುದು ಮೂರೂವರೆ ಕಿಲೋ. ಹಾಗಾಗಿ ಸುಡುಬಿಸಿಲಲ್ಲೂ ಎರಡು ಜಾಕೆಟ್, ಭಾರದ ಬೂಟು, ಕಿಸೆ ತುಂಬ ಚಾರ್ಜರ್ ಹೊತ್ತು ತಕ್ಕಡಿಯ ಮುಂದೆ ಅಮಾಯಕ ಮುಖ ಮಾಡಿ ನಿಲ್ಲುವುದು. ಪವರ್ ಬ್ಯಾಂಕನ್ನು ಚೆಕ್ ಇನ್ ಬ್ಯಾಗಿಗೆ ಹಾಕುವಂತೆಯೇ ಇಲ್ಲ, ಅದು ಜೊತೆಗೇ ಬರಬೇಕು. ಸಾಮಾನ್ಯ ಮಿತಿ 100 ವ್ಯಾಟ್-ಅವರ್, ಅಂದರೆ 3.7 ವೋಲ್ಟಿನ ಲೆಕ್ಕದಲ್ಲಿ ಸುಮಾರು 27,000 ಎಂಎಎಚ್. ಬರಹ ಅಳಿಸಿಹೋದ ಹಳೆಯ ಪವರ್ ಬ್ಯಾಂಕ್ ಹಿಡಿದು ಅಧಿಕಾರಿಯ ಎದುರು ಗುಣಾಕಾರ ಮಾಡುತ್ತ ನಿಂತರೆ ಅದು ಅಲ್ಲೇ ಉಳಿಯುವ ಸಂಭವವೇ ಹೆಚ್ಚು.

ಈ ಮೂರೂವರೆ ಕಿಲೋದಲ್ಲಿ ಪ್ರೀತಿಗೆ ಜಾಗವಿಲ್ಲ ಎಂಬುದೊಂದೇ ಆಗಾಗ ಚುಚ್ಚುವುದು. ದಾರಿಯಲ್ಲಿ ಸಿಕ್ಕವರು ಏನೇನೋ ಕೊಡುತ್ತಾರೆ. ಕೈಯಾರೆ ಹೆಣೆದ ಟೋಪಿ, ಮಕ್ಕಳು ಬರೆದ ಚಿತ್ರ, ಓದಿ ಮುಗಿಸಿದ ಪುಸ್ತಕ, ಕೆಲವೊಮ್ಮೆ ಒಂದು ಪಿಂಗಾಣಿ ಬಟ್ಟಲು. ಚಿತ್ರದ ಫೋಟೋ ತೆಗೆದುಕೊಳ್ಳುತ್ತೇವೆ. ಪುಸ್ತಕ ಮುಂದಿನ ಊರಿನ ಕಪಾಟಿಗೆ ಹೋಗುತ್ತದೆ, ಮೊದಲ ಪುಟದಲ್ಲಿ ಅವರು ಬರೆದುಕೊಟ್ಟ ನಮ್ಮ ಹೆಸರಿನ ಸಮೇತ. ಬಟ್ಟಲನ್ನು ಬಿಟ್ಟು ಹೊರಡುವಾಗ ಕೊಟ್ಟವರಿಗೆ ಗೊತ್ತಾಗದಿರಲಿ ಎಂದು ಕೋಣೆಯ ಬಾಗಿಲನ್ನು ಇನ್ನೊಮ್ಮೆ ಎಳೆದುಕೊಳ್ಳುತ್ತೇವೆ.

ಟೋಪಿ ಮಾತ್ರ ಹೇಗೋ ತುರುಕಿಕೊಂಡು ಬರುತ್ತದೆ, ಜಿಪ್ ಕೈಕೊಡುವುದೂ ಅದರಿಂದಲೇ. ಉಬ್ಬಿದ ಬ್ಯಾಗಿನ ಜಿಪ್ ಎಳೆದೆಳೆದು, ಹಲ್ಲುಗಳನ್ನು ಕೂಡಿಸುತ್ತ ಜಾರುವ ಸ್ಲೈಡರ್ ಎಂಬ ತುಂಡಿನ ಬಾಯಿ ಅಗಲವಾಗುತ್ತದೆ, ಮರಳು ಸೇರಿದರೆ ಇನ್ನೂ ಬೇಗ. ಹಲ್ಲುಗಳೆಲ್ಲ ನೆಟ್ಟಗಿದ್ದರೂ ಮುಚ್ಚಿದ ಹಿಂದೆಯೇ ಬಿಚ್ಚಿಕೊಳ್ಳತೊಡಗಿದರೆ ತಪ್ಪು ಸ್ಲೈಡರಿನದು. ಅದನ್ನು ಶುರುವಿನ ತುದಿಗೆ ಒಯ್ದು, ಹಿಂಬದಿಯ ಎರಡೂ ಅಂಚನ್ನು ಇಕ್ಕಳದಿಂದ ಒಂದೊಂದಾಗಿ, ಸ್ವಲ್ಪ ಸ್ವಲ್ಪವೇ ಅದುಮಿ ನೋಡಬೇಕು. ಜೋರಾಗಿ ಅದುಮಿದರೆ ಮುರಿಯುತ್ತದೆ. ಇಕ್ಕಳ ಡಾರ್ಮಿಟರಿಯಲ್ಲಿ ಯಾರ ಬಳಿಯೂ ಇರುವುದಿಲ್ಲ. ಹದಿನೈದು ದೇಶಗಳ ಪ್ಲಗ್ ಅಡಾಪ್ಟರ್ ಮಾತ್ರ ಎಲ್ಲರ ಬಳಿಯೂ ಇರುತ್ತದೆ. ಸೈಕಲ್ ರಿಪೇರಿಯವರು ಸಿಗುವವರೆಗೆ ದೊಡ್ಡ ಸೇಫ್ಟಿ ಪಿನ್ ಆರಾದರೂ ಜೊತೆಗಿರಲಿ. ಜಿಪ್ಪಿನ ಹಲ್ಲಿಗೆ ಚುಚ್ಚಬೇಡಿ, ಪಕ್ಕದ ಪಟ್ಟಿಬಟ್ಟೆಗೆ ಚುಚ್ಚಿ.